ಆನ್‌ಲೈನ್ ಗುಂಪಿನಲ್ಲಿ ಯಾರನ್ನು ಮೆಚ್ಚಬೇಕು, ಯಾವಾಗ ದೂರು ಕೊಡಬೇಕು: ಒಂದು ಸಮಗ್ರ ಮಾರ್ಗದರ್ಶಿ

ಆನ್‌ಲೈನ್ ಚರ್ಚೆಯ ಗುಂಪಿನಲ್ಲಿ ಒಬ್ಬ ಸದಸ್ಯರ ಬಗ್ಗೆ ನಮಗೆ ಕಾಣುವುದು ಮೂರೇ ಸಂಗತಿ. ಒಂದು ಹೆಸರು, ಉಗುರಿನಷ್ಟು ಚಿಕ್ಕ ಚಿತ್ರ, ಅವರು ಬರೆದ ಸಾಲುಗಳು. ಹೆಸರು ಸುಳ್ಳಿರಬಹುದು, ಚಿತ್ರ ಬೇರೆ ಯಾರದ್ದೋ ಇರಬಹುದು. ಕೊನೆಗೆ ಕೈಯಲ್ಲಿ ಉಳಿಯುವುದು ಬರೆದ ಸಾಲುಗಳು ಮಾತ್ರ. ಅವುಗಳನ್ನೇ ನೋಡಿ ಯಾರಿಗೆ ಬೆನ್ನು ತಟ್ಟಬೇಕು, ಯಾರ ಬಗ್ಗೆ ಮಾಡರೇಟರಿಗೆ (ಗುಂಪಿನ ನಿಯಮ, ಶಿಸ್ತು ನೋಡಿಕೊಳ್ಳುವವರಿಗೆ) ಹೇಳಬೇಕು ಅಂತ ತೀರ್ಮಾನಿಸಬೇಕು.

ನಾನು ಕೆಲವು ವರ್ಷ ಇಂಥ ಒಂದು ಗುಂಪಿನ ಮಾಡರೇಟರ್ ಆಗಿದ್ದೆ. ದಿನಾ ಬೆಳಿಗ್ಗೆ ಎದ್ದು ದೂರುಗಳ ಪಟ್ಟಿ ತೆರೆಯುವುದು ನನ್ನ ಕೆಲಸವಾಗಿತ್ತು. ಅದರಲ್ಲಿ ಗಟ್ಟಿಯಾಗಿ ಕಲಿತದ್ದು ಒಂದೇ: ದೂರು ಇರಬೇಕಾದದ್ದು ಬರೆದ ಮಾತಿನ ಮೇಲೆ, ಬರೆದ ಮನುಷ್ಯನ ಮೇಲಲ್ಲ. ಮೆಚ್ಚುಗೆಗೂ ಇದೇ ಲೆಕ್ಕ. ಕೆಳಗಿನ ಹಂತಗಳನ್ನೆಲ್ಲ ಈ ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಂಡು ಓದಿ.

ಹಂತ 1: ನಿಮ್ಮ ದೂರು ಯಾರ ಕೈಗೆ ಹೋಗುತ್ತದೆ ಅಂತ ತಿಳಿದುಕೊಳ್ಳಿ

ಗುಂಪಿನ ನಿಯಮಗಳನ್ನು ಓದಿ. ಸಾಮಾನ್ಯವಾಗಿ ಪಿನ್ ಮಾಡಿರುತ್ತಾರೆ, ಐದು ನಿಮಿಷ ಸಾಕು. ಅದಾದ ಮೇಲೆ ಪೋಸ್ಟಿನ ಪಕ್ಕದ ಮೂರು ಚುಕ್ಕಿಗಳನ್ನು ಒತ್ತಿ, ಅಲ್ಲಿ ಏನೇನಿದೆ ನೋಡಿ. ಮ್ಯೂಟ್ ಮಾಡಿದರೆ ಆ ವ್ಯಕ್ತಿಯ ಮಾತು ನಿಮಗೆ ಕಾಣುವುದಿಲ್ಲ, ಅಷ್ಟೇ. ಬ್ಲಾಕ್ ಮಾಡಿದರೆ ಅವರು ನಿಮ್ಮನ್ನು ನೇರವಾಗಿ ಮಾತಾಡಿಸಲು ಆಗುವುದಿಲ್ಲ. ಈ ಎರಡೂ ನಿಮ್ಮೊಬ್ಬರಿಗೆ ಮಾತ್ರ. ಗುಂಪಿಗೆ ವಿಷಯ ಗೊತ್ತಾಗಬೇಕು ಅಂದರೆ ರಿಪೋರ್ಟ್ ಅಥವಾ ಫ್ಲ್ಯಾಗ್ ಒತ್ತಬೇಕು.

ಜಾಸ್ತಿ ಜನ ಎಡವುವುದು ಇಲ್ಲೇ. ಎಲ್ಲ ಕಡೆಯೂ ರಿಪೋರ್ಟ್ ಒತ್ತಿದರೆ ಗುಂಪಿನ ಅಡ್ಮಿನ್‌ಗೆ ಹೋಗುತ್ತದೆ ಅಂದುಕೊಳ್ಳುತ್ತಾರೆ. ಹಾಗಿಲ್ಲ. ವಾಟ್ಸಾಪ್‌ನಲ್ಲಿ ಒಬ್ಬರ ಮೇಲೆ ರಿಪೋರ್ಟ್ ಒತ್ತಿದರೆ, ಅವರು ನಿಮಗೆ ಕಳಿಸಿದ ಕೊನೆಯ ಐದು ಸಂದೇಶಗಳವರೆಗೆ ವಾಟ್ಸಾಪ್ ಕಂಪನಿಗೆ ಹೋಗುತ್ತವೆ. ಡಿಸ್ಕಾರ್ಡ್‌ನ ರಿಪೋರ್ಟ್ ಬಟನ್ ಕೂಡ ಕಂಪನಿಯ ಸುರಕ್ಷತಾ ತಂಡಕ್ಕೇ ಹೋಗುತ್ತದೆ, ಆ ಸರ್ವರ್ (ಅಲ್ಲಿ ಗುಂಪಿಗೆ ಹಾಗನ್ನುತ್ತಾರೆ) ನೋಡಿಕೊಳ್ಳುವವರಿಗಲ್ಲ. ಅಲ್ಲಿನ ಮಾಡರೇಟರಿಗೆ ತಿಳಿಸಬೇಕಾದರೆ ನೀವೇ ಸಂದೇಶ ಬರೆಯಬೇಕು. ಫೇಸ್‌ಬುಕ್ ಗುಂಪಿನಲ್ಲಿ ಎರಡು ದಾರಿ ಬೇರೆ ಬೇರೆಯಾಗಿಯೇ ಇವೆ: ಅಡ್ಮಿನ್‌ಗಳಿಗೆ ರಿಪೋರ್ಟ್ ಮಾಡುವುದು ಒಂದು, ಫೇಸ್‌ಬುಕ್‌ಗೇ ರಿಪೋರ್ಟ್ ಮಾಡುವುದು ಇನ್ನೊಂದು. ರೆಡಿಟ್‌ನಲ್ಲಿ ಆ ಗುಂಪಿನ ನಿಯಮ ಮುರಿದಿದ್ದಾರೆ ಅಂತ ಆರಿಸಿದರೆ ಅದು ಗುಂಪಿನ ಮಾಡರೇಟರಿಗೆ ಕಾಣುತ್ತದೆ.

ನಿಮ್ಮ ಹೆಸರು ಯಾರಿಗೆ ಕಾಣುತ್ತದೆ ಅನ್ನುವುದನ್ನೂ ತಿಳಿದುಕೊಂಡಿರಿ. ರೆಡಿಟ್‌ನ ಮಾಡರೇಟರಿಗೆ ದೂರಿನ ಕಾರಣ ಕಾಣುತ್ತದೆ, ದೂರು ಕೊಟ್ಟವರ ಹೆಸರು ಕಾಣುವುದಿಲ್ಲ. ಡಿಸ್ಕೋರ್ಸ್ ಎಂಬ ತಂತ್ರಾಂಶದಲ್ಲಿ ನಡೆಯುವ ಗುಂಪುಗಳಲ್ಲಿ ಮಾಡರೇಟರಿಗೆ ನಿಮ್ಮ ಹೆಸರು ಗೊತ್ತಾಗುತ್ತದೆ, ಪೋಸ್ಟ್ ಬರೆದವರಿಗೆ ಗೊತ್ತಾಗುವುದಿಲ್ಲ. ಹೆದರಿಕೆಯಿಂದ ದೂರು ಕೊಡದೆ ಸುಮ್ಮನಿರುವವರು ತುಂಬಾ ಜನ. ಅವರಿಗೆ ಇಷ್ಟು ಗೊತ್ತಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ.

ಹಂತ 2: ಒಳ್ಳೆಯ ಸದಸ್ಯರನ್ನು ಗುರುತು ಹಿಡಿಯಿರಿ

ದೂರಿಗಿಂತ ಮೊದಲು ಇದನ್ನೇಕೆ ಹೇಳುತ್ತಿದ್ದೇನೆ ಅಂದರೆ, ಒಳ್ಳೆಯ ನಡವಳಿಕೆ ಹೇಗಿರುತ್ತದೆ ಅಂತ ಕಣ್ಣಿಗೆ ರೂಢಿಯಾಗದೆ ಕೆಟ್ಟದ್ದು ಎದ್ದು ಕಾಣುವುದಿಲ್ಲ.

ಜಾಸ್ತಿ ಬರೆಯುವವರೆಲ್ಲ ಒಳ್ಳೆಯ ಸದಸ್ಯರಲ್ಲ. ನಾನು ಹುಡುಕುತ್ತಿದ್ದುದು ಬೇರೆ ಗುರುತುಗಳನ್ನು. ಉತ್ತರ ಕೊಡುವ ಮೊದಲು "ನೀವು ಯಾವ ಆವೃತ್ತಿ ಬಳಸುತ್ತಿದ್ದೀರಿ?" ಅಂತ ಕೇಳುವವರು. "ನಿನ್ನೆ ನಾನು ಹೇಳಿದ್ದು ತಪ್ಪು, ಸರಿಯಾದದ್ದು ಇದು" ಅಂತ ತಾವೇ ಬಂದು ಬರೆಯುವವರು. ತಮ್ಮ ಸಮಸ್ಯೆ ಬಗೆಹರಿದ ಮೇಲೂ ವಾಪಸ್ ಬಂದು ಅದು ಹೇಗೆ ಬಗೆಹರಿಯಿತು ಅಂತ ತಿಳಿಸಿ ಹೋಗುವವರು. ಈ ಮೂರನೆಯವರನ್ನು ಯಾರೂ ಗಮನಿಸುವುದಿಲ್ಲ. ಆದರೆ ಎರಡು ವರ್ಷದ ನಂತರ ಅದೇ ಸಮಸ್ಯೆ ಹೊತ್ತು ಬರುವವರಿಗೆ ಉಪಯೋಗಕ್ಕೆ ಬರುವುದು ಅವರು ಬರೆದಿಟ್ಟ ಆ ಎರಡು ಸಾಲು.

ಇನ್ನೂ ಒಂದು ತರಹದ ಜನ ಇದ್ದಾರೆ. ಜಗಳ ಬಿಸಿಯಾದಾಗ ಯಾರ ಪಕ್ಷವನ್ನೂ ಹಿಡಿಯದೆ "ನೀವಿಬ್ಬರೂ ಬೇರೆ ಬೇರೆ ವಿಷಯ ಮಾತಾಡುತ್ತಿದ್ದೀರಿ ಅನಿಸುತ್ತದೆ" ಅನ್ನುವವರು. ಇಂಥವರು ಇಬ್ಬರಿದ್ದರೆ ಮಾಡರೇಟರ್ ಕೆಲಸ ಅರ್ಧಕ್ಕರ್ಧ ಹಗುರ.

ಅಂಕಗಳನ್ನು ನಂಬಬಹುದಾ? ಸ್ವಲ್ಪ ಮಟ್ಟಿಗೆ. ಪ್ರೋಗ್ರಾಮಿಂಗ್ ಪ್ರಶ್ನೋತ್ತರಗಳ ತಾಣವಾಗಿ 2008ರಲ್ಲಿ ಶುರುವಾದ ಸ್ಟ್ಯಾಕ್ ಓವರ್‌ಫ್ಲೋ ಮೆಚ್ಚುಗೆಯನ್ನು ಅಂಕವಾಗಿ ಎಣಿಸುತ್ತದೆ. ಉತ್ತರಕ್ಕೆ ಒಂದು ಮೇಲ್ಮತ (ಚೆನ್ನಾಗಿದೆ ಅನ್ನುವ ಮತ) ಬಿದ್ದರೆ 10 ಅಂಕ. ಅಂಕ ಹೆಚ್ಚಾದಂತೆ ಜವಾಬ್ದಾರಿಯೂ ಕೈಗೆ ಬರುತ್ತದೆ. 15 ಅಂಕ ಆದ ಮೇಲಷ್ಟೇ ಫ್ಲ್ಯಾಗ್ ಮಾಡಲು ಬಿಡುತ್ತಾರೆ. ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಹತ್ತು ವರ್ಷದ ಹಿಂದೆ ಬರೆದ ಒಂದು ಜನಪ್ರಿಯ ಉತ್ತರಕ್ಕೆ ಇವತ್ತೂ ಅಂಕ ಬರುತ್ತಲೇ ಇರುತ್ತದೆ. ಆ ವ್ಯಕ್ತಿ ಇವತ್ತು ಹೊಸಬರೊಡನೆ ಹೇಗೆ ಮಾತಾಡುತ್ತಾರೆ ಅಂತ ಅಂಕ ಹೇಳುವುದಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಡಿಸ್ಕೋರ್ಸ್‌ನ ಪದ್ಧತಿ. ಅದರಲ್ಲಿ ಸದಸ್ಯರಿಗೆ 0ರಿಂದ 4ರವರೆಗೆ ನಂಬಿಕೆಯ ಮಟ್ಟಗಳಿವೆ. ಹೊಸಬರು ಮೊದಲ ಮೆಟ್ಟಿಲು ಹತ್ತಲು ಮಾಮೂಲಿ ಸೆಟ್ಟಿಂಗ್‌ನಲ್ಲಿ 5 ಚರ್ಚೆಗಳನ್ನು ತೆರೆಯಬೇಕು, 30 ಪೋಸ್ಟ್ ಓದಬೇಕು, ಒಟ್ಟು 10 ನಿಮಿಷ ಓದುತ್ತಾ ಕಳೆದಿರಬೇಕು. ಒಂದು ಸಾಲೂ ಬರೆಯಬೇಕಾಗಿಲ್ಲ! ಓದುವುದನ್ನೇ ಅರ್ಹತೆಯಾಗಿ ಎಣಿಸಿದ್ದು ಬಹಳ ಸರಿ ಅನಿಸುತ್ತದೆ. ಗುಂಪಿನ ಧಾಟಿ ಅರ್ಥವಾಗುವುದು ಓದಿದವರಿಗೇ ಅಲ್ವಾ?

ಹಂತ 3: ಮೆಚ್ಚುಗೆಯನ್ನು ಹೇಳುವ ಬಗೆ

ಏನು ಮಾಡಿದರು ಅನ್ನುವುದನ್ನು ಹೆಸರಿಸಿ ಹೇಳಿ. "ಸೂಪರ್ ಸರ್" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ, ನೋಡುವವರಿಗೂ ತಿಳಿಯುವುದಿಲ್ಲ. "ನೀವು ಹಳೆಯ ಮೂರು ಚರ್ಚೆ ಹುಡುಕಿ ಒಂದೇ ಕಡೆ ಜೋಡಿಸಿಕೊಟ್ಟಿರಿ, ನನಗೆ ಒಂದು ದಿನದ ಕೆಲಸ ಉಳಿಯಿತು" ಅಂದರೆ ಮುಂದೆ ಇನ್ನೊಬ್ಬರೂ ಹಾಗೇ ಮಾಡುತ್ತಾರೆ.

ವಿಕಿಪೀಡಿಯಾದವರು ಇದನ್ನು ಚೆನ್ನಾಗಿ ರೂಢಿ ಮಾಡಿಕೊಂಡಿದ್ದಾರೆ. ಅಲ್ಲಿ 2003ರಿಂದ ಬಾರ್ನ್‌ಸ್ಟಾರ್ ಎಂಬ ನಕ್ಷತ್ರದ ಪದಕ ಕೊಡುವ ಪದ್ಧತಿ ಇದೆ. ಅದನ್ನು ಕೊಡಲು ಅಡ್ಮಿನ್ ಆಗಿರಬೇಕಿಲ್ಲ. ಯಾವ ಸದಸ್ಯರಾದರೂ ಇನ್ನೊಬ್ಬರ ಚರ್ಚಾ ಪುಟಕ್ಕೆ ಹೋಗಿ, ಕಾರಣ ಬರೆದು ಅಂಟಿಸಿ ಬರಬಹುದು. 2013ರಲ್ಲಿ ಒಂದೊಂದು ತಿದ್ದುಪಡಿಗೂ ಧನ್ಯವಾದ ಹೇಳುವ ಚಿಕ್ಕ ಬಟನ್ ಕೂಡ ಬಂತು. ಮೇಲಿನವರು ಕೊಡುವ ಬಹುಮಾನಕ್ಕಿಂತ ಸರಿಸಮಾನರು ಕೊಡುವ ಮೆಚ್ಚುಗೆಯೇ ಜನರನ್ನು ಉಳಿಸಿಕೊಳ್ಳುತ್ತದೆ ಅಂತ ನನ್ನ ಅನುಭವ.

ಎರಡು ಎಚ್ಚರಿಕೆ ಇದೆ. ಎಲ್ಲರೆದುರು ಹೊಗಳಿಸಿಕೊಳ್ಳಲು ಕೆಲವರಿಗೆ ಸಂಕೋಚ, ಅಂಥವರಿಗೆ ಖಾಸಗಿಯಾಗಿ ಬರೆಯಿರಿ. ಇನ್ನೊಂದು, ಚೆನ್ನಾಗಿ ಉತ್ತರ ಕೊಡುತ್ತಾರೆ ಅಂತ ಕೇಳದೆ ಮಾಡರೇಟರ್ ಮಾಡಿಬಿಡಬೇಡಿ. ಉತ್ತರ ಕೊಡುವ ಖುಷಿಯೇ ಬೇರೆ, ಜಗಳ ಬಿಡಿಸುವ ಕೆಲಸವೇ ಬೇರೆ. ಒಳ್ಳೆಯ ಉತ್ತರಗಾರರೊಬ್ಬರು ಹೀಗೆ ಮೂರೇ ತಿಂಗಳಲ್ಲಿ ಬೇಸತ್ತು ಗುಂಪನ್ನೇ ಬಿಟ್ಟು ಹೋದದ್ದನ್ನು ನೋಡಿದ್ದೇನೆ. ಮೊದಲು ಕೇಳಿ.

ಹಂತ 4: ತೊಂದರೆಯನ್ನು ಗುರುತು ಹಿಡಿಯುವುದು

ಬೈಗುಳ ಇದ್ದರೆ ಯಾರಿಗಾದರೂ ಗೊತ್ತಾಗುತ್ತದೆ. ಕಷ್ಟ ಇರುವುದು ನಯವಾದ ತೊಂದರೆಯಲ್ಲಿ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ.

ಸೈಕಲ್ ರಿಪೇರಿಯ ಗುಂಪು ಅಂದುಕೊಳ್ಳಿ. ಹೊಸ ಸದಸ್ಯರೊಬ್ಬರು ಬಂದು ಮೊದಲ ದಿನ "ತುಂಬಾ ಉಪಯುಕ್ತ ಮಾಹಿತಿ, ಧನ್ಯವಾದ" ಅಂತ ಬರೆಯುತ್ತಾರೆ. ನಾಲ್ಕನೇ ದಿನ, ಚೈನ್ ಸದ್ದು ಮಾಡುವ ಬಗ್ಗೆ ನಡೆಯುತ್ತಿದ್ದ ಚರ್ಚೆಯಲ್ಲಿ "ನನಗೂ ಇದೇ ಸಮಸ್ಯೆ ಇತ್ತು" ಅನ್ನುತ್ತಾರೆ. ಯಾರಿಗೂ ಅನುಮಾನ ಬರುವುದಿಲ್ಲ. ಎರಡು ವಾರ ಕಳೆಯುತ್ತದೆ. ಚರ್ಚೆ ತಣ್ಣಗಾಗಿ ಎಲ್ಲರೂ ಮರೆತ ಮೇಲೆ ಅದೇ ಸಾಲನ್ನು ತಿದ್ದಿ "ಈ ಎಣ್ಣೆ ಹಾಕಿದ ಮೇಲೆ ಸರಿಹೋಯಿತು" ಅಂತ ಒಂದು ಲಿಂಕ್ ಸೇರಿಸುತ್ತಾರೆ. ಪೋಸ್ಟ್ ಹಳೆಯದು, ಹಾಗಾಗಿ ಹೊಸತರ ಪಟ್ಟಿಯಲ್ಲಿ ಬರುವುದಿಲ್ಲ. ಆದರೆ ಹುಡುಕಿಕೊಂಡು ಬರುವವರಿಗೆಲ್ಲ ಆ ಲಿಂಕ್ ಕಾಣುತ್ತದೆ.

ಇದನ್ನು ಹಿಡಿಯುವುದು ಹೇಗೆ? ಪೋಸ್ಟಿನ ಮೇಲೆ "ತಿದ್ದಲಾಗಿದೆ" ಎಂಬ ಗುರುತು ಅಥವಾ ಪೆನ್ಸಿಲ್ ಚಿತ್ರ ಇದೆಯಾ ನೋಡಿ. ಡಿಸ್ಕೋರ್ಸ್‌ನಂಥ ಕಡೆ ಅದನ್ನು ಒತ್ತಿದರೆ ಮೊದಲು ಏನಿತ್ತು, ಆಮೇಲೆ ಏನು ಸೇರಿತು ಅಂತ ಸಾಲು ಸಾಲಾಗಿ ಕಾಣುತ್ತದೆ. ಹಾಗೇ ಪ್ರೊಫೈಲ್ ತೆರೆದು ಉಳಿದ ಪೋಸ್ಟ್‌ಗಳನ್ನು ಓದಿ. ಯಾವ ಚರ್ಚೆಗೆ ಬೇಕಾದರೂ ಒಗ್ಗುವಂಥ ಸಾಲುಗಳೇ ತುಂಬಿದ್ದರೆ, ಒಂದರಲ್ಲೂ ಆ ಚರ್ಚೆಯದೇ ವಿವರ ಇಲ್ಲದಿದ್ದರೆ, ಅನುಮಾನ ಪಡಲು ಕಾರಣ ಇದೆ.

ಫೇಕ್ ಅಕೌಂಟ್‌ಗಳ ಜೋಡಿಯೂ ಹೀಗೇ. ಒಬ್ಬರು ಬಂದು "ಒಳ್ಳೆಯ ಎಣ್ಣೆ ಯಾವುದು?" ಅಂತ ಕೇಳುತ್ತಾರೆ. ಹತ್ತು ನಿಮಿಷದಲ್ಲಿ ಅಷ್ಟೇ ಹೊಸ ಇನ್ನೊಬ್ಬರು ಲಿಂಕ್ ಸಮೇತ ಉತ್ತರಿಸುತ್ತಾರೆ. ಮೊದಲಿನವರು "ಆರ್ಡರ್ ಮಾಡಿದೆ, ಥ್ಯಾಂಕ್ಸ್" ಅನ್ನುತ್ತಾರೆ. ಇಬ್ಬರೂ ಅಲ್ಲಿಂದ ಮಾಯ. ಮತ ಹಾಕುವ ವಿಷಯದಲ್ಲಿ, ಜಗಳದಲ್ಲಿ ಬೆಂಬಲ ತೋರಿಸುವ ವಿಷಯದಲ್ಲಿ ಕೂಡ ಒಬ್ಬರೇ ನಾಲ್ಕು ಹೆಸರಲ್ಲಿ ಬರುವುದುಂಟು.

ಇದಕ್ಕಿಂತ ಅಪಾಯದವರು ಅಡ್ಮಿನ್ ವೇಷದಲ್ಲಿ ಖಾಸಗಿ ಸಂದೇಶ ಕಳಿಸುವವರು. ಅದೇ ಚಿತ್ರ, ಹೆಸರಿನಲ್ಲಿ ಒಂದು ಅಕ್ಷರ ಮಾತ್ರ ಬೇರೆ. "ನಿಮ್ಮ ಅಕೌಂಟಿಗೆ ತೊಂದರೆ ಆಗಿದೆ, ಒಟಿಪಿ ಕಳಿಸಿ" ಅನ್ನುತ್ತಾರೆ. ಉತ್ತರಿಸಬೇಡಿ. ಗುಂಪಿನ ಸದಸ್ಯರ ಪಟ್ಟಿಯಲ್ಲಿರುವ ನಿಜವಾದ ಅಡ್ಮಿನ್ ಹೆಸರನ್ನು ಒತ್ತಿ, ಅವರಿಗೆ ತಿಳಿಸಿ. ಗುಂಪಿನ ಸಹಾಯ ಕೇಳಿ ಬಂದ ಹೊಸಬರೇ ಈ ಬಲೆಗೆ ಬೀಳುವುದು, ಹಾಗಾಗಿ ಇಲ್ಲಿ ತಡ ಮಾಡಲೇಬೇಡಿ.

ಕಿರುಕುಳದ ಬಗ್ಗೆ ಒಂದು ಮಾತು. ಒಂದೊಂದೇ ಪೋಸ್ಟ್ ನೋಡಿದರೆ ತಪ್ಪೇನೂ ಕಾಣುವುದಿಲ್ಲ. ಆದರೆ ಒಬ್ಬ ಸದಸ್ಯೆ ಎಲ್ಲಿ ಬರೆದರೂ ಅದೇ ವ್ಯಕ್ತಿ ಬಂದು ಒಂದು ಚಿಕ್ಕ ಕೊಂಕು ನುಡಿದು ಹೋಗುತ್ತಾನೆ ಅಂದರೆ, ಅದು ಕಿರುಕುಳವೇ. ಇಂಥ ಕಡೆ ತೋರಿಸಬೇಕಾದದ್ದು ಸಾಲನ್ನಲ್ಲ, ಸರಣಿಯನ್ನು.

ಯಾವುದು ಸಾಕ್ಷಿ ಅಲ್ಲ

ಪ್ರೊಫೈಲ್ ಚಿತ್ರ ಇಲ್ಲದಿರುವುದು ಸಾಕ್ಷಿ ಅಲ್ಲ. ಭಾಷೆ ಒರಟಾಗಿರುವುದು, ಅಕ್ಷರ ತಪ್ಪು, ನಿಮ್ಮ ಅಭಿಪ್ರಾಯಕ್ಕೆ ವಿರುದ್ಧ ಮಾತು, ಇವೂ ಅಲ್ಲ. ಇದನ್ನು ನಾನು ಕಷ್ಟಪಟ್ಟು ಕಲಿತೆ.

ಹೊಸಬರೊಬ್ಬರು ಒಂದೇ ದಿನ ಒಂದೇ ಪ್ರಶ್ನೆಯನ್ನು ಮೂರು ಸಲ ಹಾಕಿದರು. ಜನ ಉತ್ತರ ಕೊಟ್ಟರು, ಇವರು ಯಾವುದಕ್ಕೂ ಮರುಮಾತಿಲ್ಲ. ನಾಲ್ಕನೇ ಸಲ ಹಾಕಿದಾಗ ನಾನು ಸ್ಪ್ಯಾಮ್ ಅಂತ ಗುರುತು ಹಾಕಿ ಅವರು ಬರೆಯುವುದನ್ನು ತಡೆದೆ. ಎರಡು ದಿನ ಬಿಟ್ಟು ಅವರಿಂದ ಇಮೇಲ್ ಬಂತು. ಅವರಿಗೆ ಕಣ್ಣು ಕಾಣುವುದಿಲ್ಲ, ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುತ್ತಾರೆ. ನಮ್ಮ ಪುಟದಲ್ಲಿ ಉತ್ತರಗಳನ್ನು ತೆರೆಯುವ ಬಟನ್‌ಗೆ ಹೆಸರೇ ಕೊಟ್ಟಿರಲಿಲ್ಲ. ಅದು ಬರೀ "ಬಟನ್" ಅಂತ ಓದುತ್ತಿತ್ತು. ಉತ್ತರ ಬಂದಿದೆ ಅಂತಲೇ ಅವರಿಗೆ ಗೊತ್ತಾಗಿರಲಿಲ್ಲ. ಕ್ಷಮೆ ಕೇಳಿ, ತಡೆ ತೆಗೆದು, ಬಟನ್ ಸರಿಪಡಿಸಿದೆವು. ಅಂದಿನಿಂದ ಹೊಸಬರ ಮೇಲೆ ಗುರುತು ಹಾಕುವ ಮೊದಲು ಒಂದು ಖಾಸಗಿ ಸಂದೇಶ ಕಳಿಸಿ ಕೇಳುವುದನ್ನು ನಾನು ಒಂದು ಸಲವೂ ಬಿಟ್ಟಿಲ್ಲ. ವಿಕಿಪೀಡಿಯಾದಲ್ಲಿ ಎದುರಿನವರ ಉದ್ದೇಶ ಒಳ್ಳೆಯದೇ ಅಂತ ಭಾವಿಸಿ ಮೊದಲುಮಾಡಬೇಕು ಅನ್ನುವ ನಿಯಮ ಇದೆ. ಅದರ ಬೆಲೆ ನನಗೆ ಅರ್ಥವಾದದ್ದು ಆ ಇಮೇಲ್ ಓದಿದ ದಿನ.

ಹಂತ 5: ಫ್ಲ್ಯಾಗ್ ಒತ್ತುವ ಮೊದಲು

ಸಿಟ್ಟು ಬಂದಿದ್ದರೆ ಹತ್ತು ನಿಮಿಷ ಬಿಡಿ. ಆ ಚರ್ಚೆಯನ್ನು ಮೇಲಿನಿಂದ ಮತ್ತೆ ಓದಿ. ಸುಮ್ನೆ ಮಧ್ಯದ ಒಂದು ಸಾಲು ನೋಡಿ ಕೆರಳಿರಬಹುದು.

ಆಮೇಲೆ ಸಾಕ್ಷಿ ಉಳಿಸಿಕೊಳ್ಳಿ. ಪೋಸ್ಟಿನ ಲಿಂಕ್, ದಿನಾಂಕ, ಸಮಯ, ಒಂದು ಸ್ಕ್ರೀನ್‌ಶಾಟ್. ಸ್ಕ್ರೀನ್‌ಶಾಟ್‌ನಲ್ಲಿ ಸಂಬಂಧ ಇಲ್ಲದವರ ಹೆಸರು, ನಂಬರ್ ಇದ್ದರೆ ಕತ್ತರಿಸಿ. ಬರೆದವರು ಅಳಿಸಿಹಾಕಿದರೂ ನಿಮ್ಮ ಮಾತಿಗೆ ಆಧಾರ ಇರುತ್ತದೆ.

ಉತ್ತರ ಕೊಡಬೇಡಿ. ಕೆಣಕುವವರಿಗೆ ಬೇಕಾಗಿರುವುದೇ ನಿಮ್ಮ ಉತ್ತರ. ಜೊತೆಗೆ ಮಾಡರೇಟರ್ ಬಂದು ನೋಡಿದಾಗ ಎರಡೂ ಕಡೆ ಬೈಗುಳ ಕಂಡರೆ ಇಬ್ಬರಿಗೂ ಎಚ್ಚರಿಕೆ ಬೀಳುತ್ತದೆ. ಇನ್ನು, "ಎಲ್ಲರೂ ಹೋಗಿ ಇವನ ಮೇಲೆ ರಿಪೋರ್ಟ್ ಹಾಕಿ" ಅಂತ ಬೇರೆ ಗುಂಪಿನಲ್ಲಿ ಕರೆ ಕೊಡುವುದು ಬೇಡವೇ ಬೇಡ. ಆಗ ಅದು ದೂರಾಗಿ ಉಳಿಯುವುದಿಲ್ಲ, ದಾಳಿಯಾಗುತ್ತದೆ. ನಾಳೆ ಅದೇ ಆಯುಧ ನಿಮ್ಮ ಕಡೆಗೂ ತಿರುಗುತ್ತದೆ.

ಹಂತ 6: ದೂರನ್ನು ಬರೆಯುವುದು

ಸರಿಯಾದ ಕಾರಣ ಆರಿಸಿ. ವಿಷಯಕ್ಕೆ ಸಂಬಂಧ ಇಲ್ಲದ ಪೋಸ್ಟನ್ನು ಸ್ಪ್ಯಾಮ್ ಅಂತ ಕೊಟ್ಟರೆ ಅದು ಬೇರೆ ಸಾಲಿಗೆ ಹೋಗುತ್ತದೆ. ಕೆಲವು ಕಡೆ ಸ್ಪ್ಯಾಮ್ ಫ್ಲ್ಯಾಗ್ ಹೆಚ್ಚಾದರೆ ಮನುಷ್ಯರು ನೋಡುವ ಮೊದಲೇ ಪೋಸ್ಟ್ ತಾನಾಗಿ ಮರೆಯಾಗುತ್ತದೆ.

ಟಿಪ್ಪಣಿ ಬರೆಯಲು ಜಾಗ ಇದ್ದರೆ ಖಂಡಿತ ಬರೆಯಿರಿ. ನನಗೆ ಬರುತ್ತಿದ್ದ ಬಹಳಷ್ಟು ದೂರುಗಳು ಹೀಗಿರುತ್ತಿದ್ದವು:

"ಇವನು ಟ್ರೋಲ್. ಮೊದಲಿನಿಂದಲೂ ಹೀಗೇ. ಕೂಡಲೇ ತೆಗೆದುಹಾಕಿ."

ಇದನ್ನು ಓದಿದ ಮಾಡರೇಟರ್ ಏನು ಮಾಡಬೇಕು? ಹುಡುಕುತ್ತಾ ಕೂರಬೇಕು. ಇದೇ ದೂರು ಹೀಗಿದ್ದರೆ:

"ಈ ಸದಸ್ಯರು ಇವತ್ತು ಮೂರು ಚರ್ಚೆಗಳಲ್ಲಿ ಒಂದೇ ಲಿಂಕ್ ಹಾಕಿದ್ದಾರೆ. ಉಳಿದ ಎರಡು ಪೋಸ್ಟ್‌ಗಳ ಲಿಂಕ್ ಕೆಳಗಿದೆ. ಎರಡನೆಯದರಲ್ಲಿ ಹಳೆಯ ಉತ್ತರವನ್ನು ತಿದ್ದಿ ಸೇರಿಸಿದ್ದಾರೆ, ತಿದ್ದುಪಡಿಯ ಇತಿಹಾಸ ನೋಡಿ. ಜಾಹೀರಾತಿನ ಬಗ್ಗೆ ಇರುವ ನಿಯಮ 4ಕ್ಕೆ ಇದು ವಿರುದ್ಧ ಅನಿಸುತ್ತದೆ."

ಎರಡು ನಿಮಿಷದ ಕೆಲಸ. ಇಲ್ಲಿ ಮನುಷ್ಯನಿಗೆ ಹೆಸರಿಟ್ಟಿಲ್ಲ, ನಡೆದದ್ದನ್ನು ಮಾತ್ರ ಹೇಳಿದೆ. ಎಲ್ಲಿ ನೋಡಬೇಕು ಅಂತ ಬೆರಳು ತೋರಿಸಿದೆ. "ಅನಿಸುತ್ತದೆ" ಅನ್ನುವ ಪದವೂ ಮುಖ್ಯ, ತೀರ್ಪು ಕೊಡುವ ಕೆಲಸವನ್ನು ಅದು ಮಾಡರೇಟರಿಗೇ ಬಿಟ್ಟುಕೊಟ್ಟಿದೆ.

ಒಂದೇ ವ್ಯಕ್ತಿಯ ಇಪ್ಪತ್ತು ಪೋಸ್ಟಿಗೆ ಇಪ್ಪತ್ತು ಫ್ಲ್ಯಾಗ್ ಹಾಕಬೇಡಿ. ಒಂದಕ್ಕೆ ಹಾಕಿ, ಟಿಪ್ಪಣಿಯಲ್ಲಿ ಉಳಿದವನ್ನು ಸೇರಿಸಿ. ಫೇಕ್ ಅಕೌಂಟ್ ಅನ್ನುವ ಅನುಮಾನ ಇದ್ದರೆ ಅದನ್ನು ಗುಂಪಿನಲ್ಲಿ ಬಹಿರಂಗವಾಗಿ ಹೇಳದೆ ಮಾಡರೇಟರಿಗೆ ಮಾತ್ರ ತಿಳಿಸಿ. ತಪ್ಪಾಗಿದ್ದರೆ ನಿರಪರಾಧಿಯೊಬ್ಬರಿಗೆ ಅಳಿಸಲಾಗದ ಹೆಸರು ಅಂಟಿಕೊಳ್ಳುತ್ತದೆ. ತಾಂತ್ರಿಕ ಪರಿಶೀಲನೆಗೆ ಕೆಲವು ಕಡೆ ಮಾಡರೇಟರುಗಳ ಬಳಿ ದಾರಿ ಇರುತ್ತದೆ. ವಿಕಿಪೀಡಿಯಾದಲ್ಲಿ ಇಂಥ ತಪಾಸಣೆ ಮಾಡುವ ಅಧಿಕಾರ ಕೆಲವೇ ಜನರಿಗಿದೆ, ಸಕಾರಣ ಇಲ್ಲದೆ ಅವರೂ ನೋಡುವಂತಿಲ್ಲ. ಅಲ್ಲಿ ತಪಾಸಣೆಗೆ ಬೇಕಾದ ಮಾಹಿತಿ ಉಳಿಯುವುದು 90 ದಿನ ಮಾತ್ರ. ಹಾಗಾಗಿ ಅನುಮಾನ ಗಟ್ಟಿಯಾದ ಕೂಡಲೇ ಹೇಳುವುದು ಒಳ್ಳೆಯದು.

ಹಂತ 7: ಕಾಯುವುದು, ಮತ್ತು ಕಾಯಬಾರದ ಸಂದರ್ಭಗಳು

ಹೆಚ್ಚಿನ ಮಾಡರೇಟರುಗಳು ಸಂಬಳ ಇಲ್ಲದೆ ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವವರು. ಒಂದೆರಡು ದಿನ ಕೊಡಿ. ಏನು ಕ್ರಮ ತೆಗೆದುಕೊಂಡರು ಅಂತ ನಿಮಗೆ ಹೇಳದೇ ಇರಬಹುದು. ದೂರನ್ನು ಒಪ್ಪದೇ ಇದ್ದರೆ ನಿಮ್ಮನ್ನು ಸುಳ್ಳುಗಾರರು ಅಂದಂತಲ್ಲ. ಹೊಸ ಸಾಕ್ಷಿ ಸಿಕ್ಕರೆ ಮತ್ತೆ ಕೊಡಿ.

ಆದರೆ ಜೀವ ಬೆದರಿಕೆ, ಮನೆ ವಿಳಾಸ ಬಹಿರಂಗ ಮಾಡುವುದು, ಹಣ ಕಿತ್ತುಕೊಳ್ಳುವುದು, ಮಕ್ಕಳ ಮೇಲಿನ ದೌರ್ಜನ್ಯ ಕಂಡರೆ ಮಾಡರೇಟರಿಗಾಗಿ ಕಾಯಬೇಡಿ. ಕಂಪನಿಗೂ ಪೊಲೀಸರಿಗೂ ಕೂಡಲೇ ತಿಳಿಸಿ. ಮಕ್ಕಳ ದೌರ್ಜನ್ಯದ ಚಿತ್ರವನ್ನು ಸಾಕ್ಷಿಗಾಗಿ ಅಂತಲೂ ಉಳಿಸಿಕೊಳ್ಳಬೇಡಿ, ಯಾರಿಗೂ ಕಳಿಸಬೇಡಿ. ಲಿಂಕ್ ಮಾತ್ರ ಕೊಡಿ.

ಯಾರಾದರೂ ಸಾಯುವ ಮಾತಾಡಿದರೆ ಅದನ್ನು ನಿಯಮ ಮುರಿದವರ ಹಾಗೆ ನೋಡಬೇಡಿ. ರೆಡಿಟ್‌ನಂಥ ಕಡೆ ಇದಕ್ಕೆಂದೇ ಬೇರೆ ಆಯ್ಕೆ ಇದೆ, ಅದನ್ನು ಆರಿಸಿದರೆ ಆ ವ್ಯಕ್ತಿಗೆ ಸಹಾಯದ ಸಂದೇಶ ಹೋಗುತ್ತದೆ. ಅಪಾಯ ಹತ್ತಿರದಲ್ಲೇ ಇದೆ ಅನಿಸಿದರೆ ಅವರಿರುವ ಕಡೆಯ ತುರ್ತು ಸೇವೆಗೆ ತಿಳಿಸುವ ದಾರಿ ಹುಡುಕಿ. ಪೋಸ್ಟ್ ಅಳಿಸುವುದಕ್ಕಿಂತ ಮೊದಲು "ನಾನಿದ್ದೇನೆ, ಮಾತಾಡಿ" ಅಂತ ಒಂದು ಸಾಲು ಬರೆಯುವವರು ಬೇಕು.

ಹಂತ 8: ನೀವೇ ಅಡ್ಮಿನ್ ಆಗಿದ್ದರೆ

ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ಮೊದಲು ಖಾಸಗಿಯಾಗಿ ಒಂದು ಮಾತು. ಆಮೇಲೆ ಬರಹದಲ್ಲಿ ಎಚ್ಚರಿಕೆ. ಆಮೇಲೆ ಸ್ವಲ್ಪ ಕಾಲ ಬಾಯಿಗೆ ಬೀಗ. ಡಿಸ್ಕಾರ್ಡ್‌ನಲ್ಲಿ ಇದಕ್ಕೆ ಟೈಮ್‌ಔಟ್ ಇದೆ, ಒಂದು ನಿಮಿಷದಿಂದ ಒಂದು ವಾರದವರೆಗೆ ಆರಿಸಬಹುದು. ಇಡೀ ಗುಂಪೇ ಬಿಸಿಯಾಗಿದ್ದರೆ ಟೆಲಿಗ್ರಾಂನ ಸ್ಲೋ ಮೋಡ್‌ನಂಥದ್ದು ಸಹಾಯಕ್ಕೆ ಬರುತ್ತದೆ, ಒಬ್ಬರು ಒಂದು ಸಂದೇಶ ಹಾಕಿದ ಮೇಲೆ ಇನ್ನೊಂದಕ್ಕೆ ಕಾಯಬೇಕಾಗುತ್ತದೆ. ಬ್ಯಾನ್ ಕೊನೆಯದು. ಸ್ಪ್ಯಾಮ್ ಹಾಕುವವರು, ಮೋಸಗಾರರು, ಬೆದರಿಸುವವರಿಗೆ ಮಾತ್ರ ಮೆಟ್ಟಿಲುಗಳ ಮಾತಿಲ್ಲ, ನೇರ ಹೊರಗೆ.

ಬ್ಯಾನ್ ಮಾಡುವಾಗ ಇಬ್ಬರು ಸೇರಿ ತೀರ್ಮಾನಿಸಿ. ಅದರಲ್ಲೂ ಆ ವ್ಯಕ್ತಿ ನಿಮ್ಮನ್ನೇ ಬೈದಿದ್ದರೆ ತೀರ್ಮಾನ ಇನ್ನೊಬ್ಬರದಾಗಿರಲಿ. ಏನಾಯಿತು, ಯಾವ ನಿಯಮ, ಯಾವ ದಿನ, ಇಷ್ಟನ್ನು ಮಾಡರೇಟರುಗಳ ಟಿಪ್ಪಣಿಯಲ್ಲಿ ಬರೆದಿಡಿ. ಅಲ್ಲೂ "ಟ್ರೋಲ್", "ಹುಚ್ಚ" ಅಂತ ಬರೆಯಬೇಡಿ. ಆರು ತಿಂಗಳ ನಂತರ ಬರುವ ಹೊಸ ಮಾಡರೇಟರ್ ಆ ಪದವನ್ನೇ ಸತ್ಯ ಅಂದುಕೊಳ್ಳುತ್ತಾರೆ. ವರ್ಷಕ್ಕೆ ಎರಡು ಸಲ ಟಿಪ್ಪಣಿಗಳನ್ನು ತೆರೆದು ನೋಡಿ. ಎಚ್ಚರಿಕೆ ಪಡೆದ ಮೇಲೆ ನೆಟ್ಟಗೆ ನಡೆದುಕೊಂಡವರ ಹಳೆಯ ಗುರುತನ್ನು ತೆಗೆದುಹಾಕಿ. ಹೊರಗೆ ಹೋದವರು ಮೇಲ್ಮನವಿ ಕೊಡಲು ಒಂದು ವಿಳಾಸ ಇರಲಿ.

ಯಾರನ್ನಾದರೂ ತೆಗೆದ ದಿನ ಗುಂಪಿನಲ್ಲಿ ಒಂದೇ ಸಾಲು ಸಾಕು: ಯಾವ ನಿಯಮ ಮುರಿಯಿತು, ಏನು ಕ್ರಮ ಆಯಿತು, ಹೆಸರು ಬೇಡ. ಅದರ ಕೆಳಗೆ ಚರ್ಚೆ ಬೆಳೆಯಲು ಬಿಡಬೇಡಿ. ಅಷ್ಟು ಮುಗಿಸಿ ಕಿಟಕಿ ಮುಚ್ಚುವ ಮೊದಲು ಇನ್ನೊಂದು ಕೆಲಸ ಇದೆ, ನಾವು ಎಷ್ಟೋ ಸಲ ಮರೆತದ್ದು. ಕಿರುಕುಳ ಅನುಭವಿಸಿದವರ ಹೆಸರನ್ನು ಹುಡುಕಿ ಅವರಿಗೆ ಬರೆಯಿರಿ: "ನೀವು ಹೇಳಿದ್ದನ್ನು ನೋಡಿದೆವು. ಆ ಅಕೌಂಟ್ ಈಗ ಗುಂಪಿನಲ್ಲಿಲ್ಲ. ನೀವು ಬರೆಯುತ್ತಿದ್ದ ಆ ಚರ್ಚೆಯನ್ನು ಮತ್ತೆ ತೆರೆದಿದ್ದೇವೆ, ಮುಂದುವರಿಸಬೇಕು ಅನಿಸಿದಾಗ ಬನ್ನಿ."